ವಿಜ್ಞಾನದ ಅವಧಿಯಲ್ಲಿ ಹೊಲಿಗೆ ಯಂತ್ರ

ಗುಳೇದಗುಡ್ಡದ ಆಸುಪಾಸಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಹುಡುಗಿಯರಿಗೆಂದು ಬೇರೆಯಾಗಿ ನಡೆಯುತ್ತಿದ್ದ ಹೊಲಿಗೆಯ ಅವಧಿಯನ್ನು ನನ್ನ ವಿಷಯದೊಳಗೆ ತಂದುಕೊಂಡೆ. ಹೊಲಿಗೆಯನ್ನು ಮನೆಗೆಲಸದ ತಯಾರಿಯೆಂದು ಕಲಿಸುವುದಕ್ಕೆ ನನ್ನ ಒಪ್ಪಿಗೆಯಿರಲಿಲ್ಲ. ಆದರೆ ಸನ್ನೆ, ಚಕ್ರ, ಘರ್ಷಣೆಗಳೆಲ್ಲ ಒಂದೆಡೆ ಕೂಡಿರುವ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಯಲ್ಲಿಡುವುದೂ ಸರಿಕಾಣಲಿಲ್ಲ. "ಹೊಲಿಗಿ ಮನ್ಯಾಗೂ ಕಲಿತಾರ ಬಿಡ್ರಿ ಅಕ್ಕೋರ, ನೀವು ಸಾಯನ್ಸ್ ಹೇಳ್ರಿ" ಎಂದ ತಾಯಂದಿರಿಗೆ, ನಾನು ಹೇಳುತ್ತಿರುವುದು ಅದನ್ನೇ ಎಂದು ಉತ್ತರಿಸಿದೆ.

ಮೊದಲು ಹೊಲಿಯಲು ಬಿಡದೆ, ಚಕ್ರಗಳನ್ನು ಅಳೆಯಲು ಹೇಳುತ್ತೇನೆ. ಕೆಳಗಿನ ದೊಡ್ಡ ಚಕ್ರದ ವ್ಯಾಸ ಮೇಲಿನ ಸಣ್ಣ ಚಕ್ರದ ನಾಲ್ಕರಷ್ಟಿದ್ದರೆ, ಪೆಡಲನ್ನು ಒಮ್ಮೆ ಪೂರ್ತಿ ತುಳಿದಾಗ ಸಣ್ಣ ಚಕ್ರ ನಾಲ್ಕು ಸುತ್ತು ತಿರುಗಿ ನಾಲ್ಕು ಹೊಲಿಗೆ ಬೀಳಬೇಕು. ಒಂದು ಹೊಲಿಗೆ 2.5 ಮಿ.ಮೀ. ಇದ್ದರೆ ಬಟ್ಟೆ 1 ಸೆಂ.ಮೀ. ಮುಂದೆ ಸರಿಯಬೇಕು. ಲೆಕ್ಕಕ್ಕಿಂತ ಬಟ್ಟೆ ಕಡಿಮೆ ಸರಿದರೆ ಬೆಲ್ಟ್ ಜಾರುತ್ತಿದೆಯೇ ಎಂದು ಅವರೇ ಹುಡುಕುತ್ತಾರೆ.

ಹೆಚ್ಚು ಹೊತ್ತು ಹಿಡಿಯುವುದು ಸೂಜಿಯ ಪಾಠ. ಯಂತ್ರದ ಸೂಜಿಗೆ ಕಣ್ಣು ತುದಿಯ ಬಳಿ ಇರುತ್ತದೆ. 14 ನಂಬರಿನದು 0.9 ಮಿ.ಮೀ. ದಪ್ಪವಿರುತ್ತದೆ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ, ಸೂಜಿ ತಳ ಮುಟ್ಟಿ ಕೊಂಚ ಮೇಲೇಳುವ ಹೊತ್ತಿಗೆ, ಸೂಜಿಯ ಮೈಮೇಲೆ ಉದ್ದನೆಯ ತೋಡಿರುವ ಬದಿಯ ದಾರ ಸಲೀಸಾಗಿ ಸರಿಯುವುದು, ಇನ್ನೊಂದು ಬದಿಯ ದಾರವನ್ನು ಬಟ್ಟೆಯ ಘರ್ಷಣೆ ತಡೆಹಿಡಿಯುವುದು, ಅಲ್ಲಿ ಉಬ್ಬಿದ ಸಣ್ಣ ಕುಣಿಕೆಯೊಳಗೆ ಕೆಳದಾರದ ಉರುಳೆಯಿರುವ ಶಟಲ್‌ನ ಮೊನೆ ಹೊಕ್ಕು ಕೆಳದಾರವನ್ನು ಸುತ್ತಿಸುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸೂಜಿಯನ್ನು ಬೇಕೆಂದೇ ತಿರುವಿ ಹಾಕಿಸುತ್ತೇನೆ. ಹೊಲಿಗೆ ಕೂಡುವುದಿಲ್ಲ, ಏಕೆ ಎಂಬುದನ್ನು ಚಿತ್ರ ಬರೆದು ವಿವರಿಸಬೇಕು. ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಮೇಲಿನ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ಒಂದನ್ನೇ ಬದಲಿಸುತ್ತ ಹೋಗುವುದು, ಒಂದು ಅಂಶವನ್ನು ಮಾತ್ರ ಬದಲಿಸಿ ನೋಡುವ ಪ್ರಯೋಗಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ. ಬಿಳಿ ಮೇಲೆ ಇಣುಕಿತೆಂದರೆ ಮೇಲಿನ ದಾರ ಬಿಗಿಯಾಗಿದೆ.

ನೇಕಾರರ ಮನೆಯ ಮಕ್ಕಳಿಗೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಹೇಳಿಕೊಡಬೇಕಾಗಿಲ್ಲ. ರವಿಕೆಯ ಖಣದ ತುಂಡನ್ನು ಹಾಸಿನ ದಿಕ್ಕಿನಲ್ಲಿ ಎಳೆದರೆ ಹಿಗ್ಗದು, 45 ಡಿಗ್ರಿ ಓರೆಯಲ್ಲಿ ಎಳೆದರೆ ಹಿಗ್ಗುತ್ತದೆ. ದರ್ಜಿಗಳು ಕ್ರಾಸ್ ಎನ್ನುವುದರ ಗುಟ್ಟು ಅಷ್ಟೇ.

ವಿದ್ಯುತ್ತಿನ ಪಾಠಕ್ಕೆ ಸ್ಟೇನ್‌ಲೆಸ್ ಉಕ್ಕಿನ ಎಳೆಯ ದಾರ ತರಿಸಿದೆ. 3 ವೋಲ್ಟಿನ ನಾಣ್ಯದಾಕಾರದ ಸೆಲ್ಲಿಗೆ ಎಲ್‌ಇಡಿಗಳನ್ನು ಸಮಾಂತರವಾಗಿ, ಕೈಹೊಲಿಗೆಯಿಂದಲೇ ಜೋಡಿಸುತ್ತಾರೆ. ಗಂಟಿನ ಬಾಲಗಳು ಒಂದಕ್ಕೊಂದು ತಗುಲಿದರೆ ಶಾರ್ಟ್ ಆಗುತ್ತದೆ, ಆದ್ದರಿಂದ ಇಲ್ಲಿ ಹೊಲಿಗೆಯ ಅಚ್ಚುಕಟ್ಟು ಬರಿಯ ಅಂದದ ಮಾತಲ್ಲ. ಕೆಂಪು, ನೀಲಿ ದೀಪಗಳನ್ನು ಒಟ್ಟಿಗೆ ಹೊಲಿದವಳೊಬ್ಬಳಿಗೆ ಕೆಂಪು ಮಾತ್ರ ಹೊತ್ತಿತು. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಸಮೀಪ ಬೇಕು. ಕೆಂಪು ಹೊತ್ತಿದೊಡನೆ ಈ ಸಣ್ಣ ಸೆಲ್ಲಿನ ವೋಲ್ಟೇಜ್ ತಗ್ಗಿ ನೀಲಿಗೆ ಸಾಲದಾಗುತ್ತದೆಂದು ಮಲ್ಟಿಮೀಟರ್ ಹಿಡಿದು ಅವಳೇ ಕಂಡುಕೊಂಡಳು.

ಅವಧಿ ಮುಗಿದಾಗ ಸೆಲ್ಲುಗಳನ್ನು ಎಣಿಸಿ ಮರಳಿ ಪಡೆಯುತ್ತೇನೆ, ಮನೆಗೆ ಕೊಡುವುದಿಲ್ಲ. ಚಿಕ್ಕ ಮಕ್ಕಳು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.