ಬ್ಯಾಂಕಿಗೊಂದು ಬ್ರೌಸರ್, ಉಳಿದದ್ದಕ್ಕೆ ಇನ್ನೊಂದು

ಶಿರಸಿಯಲ್ಲಿ ನಮ್ಮದು ಝೆರಾಕ್ಸ್ ಮತ್ತು ಆನ್‌ಲೈನ್ ಕೆಲಸದ ಅಂಗಡಿ. ಪಹಣಿ ತೆಗೆಯುವುದು, ಪರೀಕ್ಷೆ ಫೀ ಕಟ್ಟುವುದು, ಆಧಾರ್ ಪ್ರಿಂಟು, ದಿನವಿಡೀ ಇದೇ ಕೆಲಸ. ಕ್ರೋಮ್ ಸೇಫೋ, ಫೈರ್‌ಫಾಕ್ಸ್ ಸೇಫೋ ಅಂತ ಬಂದವರು ಕೇಳುತ್ತಾರೆ. ಹೆಸರು ಹೇಳುವ ಮೊದಲು ನಾನು ನೋಡುವುದು ಒಂದೇ: ನಿಮ್ಮ ಮೊಬೈಲಿಗೆ, ನಿಮ್ಮ ಕಂಪ್ಯೂಟರಿಗೆ ಆ ಬ್ರೌಸರಿನ ಅಪ್‌ಡೇಟ್ ಇನ್ನೂ ಬರುತ್ತಿದೆಯಾ?

ಇದು ಎಲ್ಲಕ್ಕಿಂತ ಮುಖ್ಯ. ಬ್ರೌಸರಿನಲ್ಲಿ ದೋಷ ಸಿಗುತ್ತಲೇ ಇರುತ್ತದೆ. 2023ರಿಂದ ಕ್ರೋಮ್ ವಾರಕ್ಕೊಮ್ಮೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಿದೆ. ದೋಷ ಸರಿಯಾಯಿತು ಅಂದರೆ ಅದು ಎಲ್ಲಿತ್ತು ಅನ್ನುವುದು ಕಳ್ಳರಿಗೂ ಗೊತ್ತಾಯಿತು ಅಂತಲೇ ಅರ್ಥ. ಅಪ್‌ಡೇಟ್ ಮಾಡದವರೇ ಅವರಿಗೆ ಸುಲಭಕ್ಕೆ ಸಿಗುವವರು. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಡೇಟಾ ಉಳಿಸಲು ಪ್ಲೇ ಸ್ಟೋರಿನ ಆಟೋ ಅಪ್‌ಡೇಟ್ ಆಫ್ ಮಾಡಿಟ್ಟವರು ಜಾಸ್ತಿ. ಹಾಗಿದ್ದರೆ ಪೇಟೆಗೆ ಬಂದಾಗ ಬ್ರೌಸರ್ ಒಂದನ್ನಾದರೂ ಅಪ್‌ಡೇಟ್ ಮಾಡಿಕೊಳ್ಳಿ.

ಕಂಪ್ಯೂಟರಿನಲ್ಲಾದರೆ ಕ್ರೋಮಿನ ಮೂರು ಚುಕ್ಕೆ ಒತ್ತಿ, ಹೆಲ್ಪ್‌ಗೆ ಹೋಗಿ, ಅಬೌಟ್ ಗೂಗಲ್ ಕ್ರೋಮ್ ತೆರೆಯಿರಿ. ಹೊಸದು ಇದ್ದರೆ ಅದೇ ಇಳಿಸಿಕೊಳ್ಳುತ್ತದೆ. ಆಮೇಲೆ ರೀಲಾಂಚ್ ಒತ್ತಲೇಬೇಕು. ಅಲ್ಲಿ ಆವೃತ್ತಿ 109 ಅಂತ ಇದ್ದರೆ ನಿಮ್ಮದು ವಿಂಡೋಸ್ 7 ಅಥವಾ 8 ಇರಬಹುದು. ಅವಕ್ಕೆ ಕ್ರೋಮಿನ ಹೊಸ ಆವೃತ್ತಿ ಬರುವುದು 2023ರಲ್ಲೇ ನಿಂತಿತು. ಪೇಜು ಸರಿಯಾಗೇ ತೆರೆದುಕೊಳ್ಳುತ್ತದೆ, ಅದಕ್ಕೇ ಜನರಿಗೆ ಗೊತ್ತಾಗುವುದಿಲ್ಲ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡಲೇಬೇಡಿ.

ಇನ್ನು ಹೆಸರಿನ ಮಾತು. ಒಂದು ಟ್ಯಾಬಿನ ಕೆಟ್ಟ ಸೈಟು ಪಕ್ಕದ ಟ್ಯಾಬಿನಲ್ಲಿರುವ ಬ್ಯಾಂಕಿನ ಮಾಹಿತಿ ಕದಿಯಬಾರದು, ಅಲ್ವಾ? ಮಳೆಗೆ ಕೊಳೆ ರೋಗ ಬರಬಾರದು ಅಂತ ಅಡಿಕೆಯ ಪ್ರತಿ ಗೊನೆಗೂ ಬೇರೆ ಬೇರೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವಲ್ಲ, ಹಾಗೆ ಬ್ರೌಸರ್ ಪ್ರತಿ ಸೈಟನ್ನೂ ಬೇರೆ ಮಾಡಿ ಇಡುತ್ತದೆ. ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷ ಬಯಲಾದ 2018ರಲ್ಲೇ ಕ್ರೋಮ್ ಇದನ್ನು ಕಂಪ್ಯೂಟರಿಗೆ ತಂದಿತು. ಫೈರ್‌ಫಾಕ್ಸಿಗೆ ಬಂದದ್ದು 2021ರಲ್ಲಿ. ಎಡ್ಜ್ ಮತ್ತು ಬ್ರೇವ್ ಎರಡರ ಒಳಗೂ ಇರುವುದು ಕ್ರೋಮಿನ ತಳಪಾಯವೇ ಆದ ಕ್ರೋಮಿಯಂ. ಹಾಗಾಗಿ ಈ ವಿಷಯದಲ್ಲಿ ಅವು ಕ್ರೋಮಿನ ಸಾಲಿನಲ್ಲೇ ಇವೆ. ಐಫೋನಿನ ಕಥೆ ಬೇರೆ. ನಮ್ಮಲ್ಲಿ ಅದಕ್ಕೆ ಯಾವ ಬ್ರೌಸರ್ ಹಾಕಿಕೊಂಡರೂ ಒಳಗಿರುವುದು ಆಪಲ್ ಕಂಪನಿಯ ಸಫಾರಿ ಬ್ರೌಸರಿನ ತಳಪಾಯವಾದ ವೆಬ್‌ಕಿಟ್. ಫೋನಿನ ಅಪ್‌ಡೇಟ್ ಬಿಡಬೇಡಿ, ಅಷ್ಟೇ.

ದೊಡ್ಡ ವ್ಯತ್ಯಾಸ ಕಾಣುವುದು ನೀವು ಯಾವ ಯಾವ ಸೈಟಿಗೆ ಹೋಗುತ್ತೀರಿ ಅಂತ ಬೆನ್ನು ಹತ್ತುವ ಟ್ರ್ಯಾಕರ್‌ಗಳನ್ನು ತಡೆಯುವುದರಲ್ಲಿ. ಸೈಟು ನಿಮ್ಮ ಗುರುತು ಹಿಡಿಯಲು ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಚೀಟಿಯೇ ಕುಕಿ. ಸಫಾರಿ 2020ರಿಂದ ಮೂರನೆಯವರ, ಅಂದರೆ ನೀವು ತೆರೆದ ಸೈಟಿನದಲ್ಲದ ಬೇರೆಯವರ ಕುಕಿಗಳನ್ನು ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿನ ಕುಕಿಯನ್ನೂ ಬೇರೆ ಇಡುತ್ತದೆ. ಬ್ರೇವ್ ಮೊದಲಿಂದಲೂ ಟ್ರ್ಯಾಕರ್ ತಡೆಯುತ್ತದೆ. ಕ್ರೋಮಿನಲ್ಲಿ ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬೇಕು. ಆಂಡ್ರಾಯ್ಡ್ ಫೈರ್‌ಫಾಕ್ಸಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಬಹುದು. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ಮೋಸ ಜಾಸ್ತಿ ಬರುವುದು ಜಾಹೀರಾತಿನ ದಾರಿಯಲ್ಲೇ.

ನಾನು ಹೇಳುವುದು ಹೀಗೆ: ಬ್ಯಾಂಕು, ಸರ್ಕಾರಿ ಕೆಲಸಕ್ಕೆ ಕ್ರೋಮ್ ಇಟ್ಟುಕೊಳ್ಳಿ. ಸುದ್ದಿ, ಸಿನಿಮಾ, ಅಡಿಕೆ ದರ ನೋಡಲು ಫೈರ್‌ಫಾಕ್ಸ್. ಕ್ರೋಮಿನಲ್ಲಿ ಬೇರೆ ಏನನ್ನೂ ತೆರೆಯಬೇಡಿ, ಎಕ್ಸ್‌ಟೆನ್ಶನ್ ಹಾಕಬೇಡಿ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ, ಮೋಸದ ಸೈಟಿಗೆ ಎಚ್ಚರಿಸುವ ಸೇಫ್ ಬ್ರೌಸಿಂಗನ್ನು ಎನ್‌ಹ್ಯಾನ್ಸ್‌ಡ್‌ಗೆ ಹಾಕಿ. ನೀವು ತೆರೆದ ಸೈಟಿನ ವಿವರ ಗೂಗಲ್‌ಗೆ ಹೋಗುತ್ತದೆ ನಿಜ. ಬ್ಯಾಂಕಿಗೇ ಮೀಸಲಾದ ಬ್ರೌಸರಿನಲ್ಲಿ ಅದು ಒಪ್ಪಬಹುದಾದ ಮಾತು.

ಮೊನ್ನೆ ಹೆಗಡೆಯವರೊಬ್ಬರು ಬಂದು, "ತಂಗೀ, ಮೊಬೈಲಿಗೆ ವೈರಸ್ ಬಂಜಡ (ಬಂದಿದೆಯಂತೆ), ನೋಡು" ಎಂದರು. ಪರದೆಯ ಮೇಲೆ ಒಂದರ ಹಿಂದೆ ಒಂದು ಕೆಂಪು ಎಚ್ಚರಿಕೆ. ವೈರಸ್ ಏನೂ ಇರಲಿಲ್ಲ. ಚಾಲಿ ಅಡಿಕೆಯ ದರ ನೋಡಲು ಹೋದ ಯಾವುದೋ ಸೈಟು ನೋಟಿಫಿಕೇಶನ್ ಕಳಿಸಲೇ ಅಂತ ಕೇಳಿದೆ, ಇವರು ಅಲೌ ಒತ್ತಿದ್ದಾರೆ. ಎಚ್ಚರಿಕೆಯ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಆ ಸೈಟಿನ ಹೆಸರು ಇತ್ತು. ನಿಮ್ಮಲ್ಲೂ ಹೀಗಾದರೆ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ಹೆಸರನ್ನು ಬ್ಲಾಕ್ ಮಾಡಿ. ಎಚ್ಚರಿಕೆಯೊಳಗಿನ ಕ್ಲೀನ್ ಬಟನ್ ಮಾತ್ರ ಮುಟ್ಟಬೇಡಿ.

ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಇದೆ ಅಂತ ಸುಮ್ನೆ ನಂಬಬೇಡಿ. ಬೀಗ ಇದ್ದರೆ ನಡುದಾರಿಯಲ್ಲಿ ಯಾರೂ ಓದಲಾರರು ಅಂತ ಅಷ್ಟೇ. ಆ ಕಡೆ ಕೂತವನು ಕಳ್ಳನೂ ಆಗಿರಬಹುದು. ಕ್ರೋಮ್ 2023ರಲ್ಲಿ ಬೀಗದ ಗುರುತನ್ನೇ ತೆಗೆದುಹಾಕಿತು. ಬ್ಯಾಂಕಿನ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುತ್ತದೆಯಾ ನೋಡಿ. 2025ರ ಅಕ್ಟೋಬರ್ 31ರ ಒಳಗೆ ಈ ವಿಳಾಸಕ್ಕೆ ಬನ್ನಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಒಮ್ಮೆ ಸರಿಯಾಗಿ ನೋಡಿ ಬುಕ್‌ಮಾರ್ಕ್ ಮಾಡಿಕೊಳ್ಳಿ, ಆಮೇಲೆ ಮೆಸೇಜಿನ ಲಿಂಕ್ ಬೇಡ.

ನಮ್ಮಂಥ ಅಂಗಡಿಯ ಕಂಪ್ಯೂಟರಿನಲ್ಲಿ ಕೂತರೆ ಇನ್‌ಕಾಗ್ನಿಟೊ (ಮುಚ್ಚಿದ ಮೇಲೆ ನೋಡಿದ್ದರ ದಾಖಲೆ ಬ್ರೌಸರಿನಲ್ಲಿ ಉಳಿಸದ ಕಿಟಕಿ) ತೆರೆಯಿರಿ, ಪಾಸ್‌ವರ್ಡ್ ಸೇವ್ ಮಾಡಲೇ ಅಂದರೆ ಬೇಡ ಅನ್ನಿ, ಎದ್ದು ಹೋಗುವಾಗ ಆ ಕಿಟಕಿಗಳನ್ನೆಲ್ಲ ಮುಚ್ಚಿ. ಆದರೆ ಇಳಿಸಿಕೊಂಡ ಫೈಲು ಇನ್‌ಕಾಗ್ನಿಟೊ ಮುಚ್ಚಿದರೂ ಡೌನ್‌ಲೋಡ್ಸ್‌ನಲ್ಲೇ ಉಳಿಯುತ್ತದೆ. ಇ-ಆಧಾರ್ ಪಿಡಿಎಫಿನ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಪರಿಚಯದವರಿಗೆ ಊಹಿಸಲು ಎಷ್ಟು ಹೊತ್ತು? ಪ್ರಿಂಟ್ ಕೈಗೆ ಬಂದ ಕೂಡಲೇ ನಿಮ್ಮ ಕಣ್ಣೆದುರೇ ಫೈಲ್ ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ. ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಪಡಬೇಡಿ.