ಹಿಡಿದ ಮೀನು ಬಿಟ್ಟೆ, ರೊಕ್ಕ ಬಂತು

"ಲೇ ತಮ್ಮಾ, ಹಿಡದ ಮೀನ ವಾಪಸ್ ನೀರಿಗೆ ಬಿಡಾಕ ಯಾರ್ ರೊಕ್ಕ ಕೊಡ್ತಾರ?" ಮುನಿರಾಬಾದಿನ ಚಹಾದಂಗಡಿಯಲ್ಲಿ ಕಾಕಾ ಕೇಳಿದ್ದರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಹೋದ ಚಳಿಗಾಲದಲ್ಲಿ ಮೀನು ಹಿಡಿದು ಬಿಡುವ ಆಟಕ್ಕೆ ನನ್ನ ಹತ್ತಿರ ಅಂದಾಜು ನಲವತ್ತು ಜನ ಬಂದರು. ಅರ್ಧ ದಿನಕ್ಕೆ ತಲೆಗೆ 1,500 ರೂಪಾಯಿ. ಒಂದು ಮೀನೂ ಚೀಲ ಸೇರಲಿಲ್ಲ.

ತುಂಗಭದ್ರಾ ಹಿನ್ನೀರಿನಲ್ಲಿ ಎಂಟು ವರ್ಷದವನಿದ್ದಾಗಿಂದ ಗಾಳ ಹಾಕುತ್ತಿದ್ದೇನೆ. ಬೆಂಡು ಅಲುಗುವ ರೀತಿ ನೋಡಿದರೆ ಸಾಕು, ಕೆಳಗಿರುವುದು ಮೃಗಾಲ್ ಮೀನೋ ಜಿಲೇಬಿ (ತಿಲಾಪಿಯಾ) ಮೀನೋ ಹೇಳುತ್ತೇನೆ. ಗೈಡ್ ಕೆಲಸಕ್ಕೆ ಅದೇ ಅಡ್ಡಿಯಾಯಿತು. ಮೊದಲು ಬಂದ ಬೆಂಗಳೂರಿನ ಇಬ್ಬರ ಬೆಂಡು ಮುಳುಗಿದ ಕೂಡಲೇ ರಾಡ್ ಇಸ್ಕೊಂಡು ನಾನೇ ಎಳೆದುಬಿಟ್ಟೆ. ಐದು ಮೀನು, ಐದೂ ನಾನೇ. ಅವರು ದುಡ್ಡು ಕೊಟ್ಟು ಹೋದರು, ಮತ್ತೆ ಬರಲಿಲ್ಲ. ಈಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ.

ಆಮೇಲೆ ಕೈಸಾಲ ಮಾಡಿ ಗಾಳದ ಸಾಮಾನಿಗೆ 38 ಸಾವಿರದಷ್ಟು ಸುರಿದೆ. ಬಣ್ಣದ ಲೂರ್‌ಗಳಿಗೇ, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆಗಳಿಗೇ, 11 ಸಾವಿರ ಹೋಗಿರಬೇಕು. ಕೆಂಪು ನೀರಿನಲ್ಲಿ ಅವು ಮೀನಿಗೆ ಕಾಣಲೇ ಇಲ್ಲ. ಅರ್ಧದಷ್ಟು ಮುಳುಗಿದ ಜಾಲಿ ಗಿಡಗಳ ಪಾಲಾದವು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿಯಿತು. ವಾರದಲ್ಲಿ ನೀರು ತಡೆಯಲು ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಹಲಗೆ ಇಳಿಸಿದರು. ಮುಂದೆ ನೀರೂ ಏರಿತು. ಆದರೆ ಸೆಪ್ಟೆಂಬರಿಗೆ ಬುಕ್ ಮಾಡಿದ್ದ ನಾಲ್ಕು ತಂಡ ಹೆದರಿ ಅಡ್ವಾನ್ಸ್ ವಾಪಸ್ ಕೇಳಿದವು. ಕೊಟ್ಟೆ. ಹಿನ್ನೀರನ್ನು ನಂಬಿ ಸಂಸಾರ ನಡೆಯಲ್ಲ ಅಂತ ಅವತ್ತೇ ಗೊತ್ತಾಯಿತು.

ಹಾಗಾಗಿ ಕೆರೆಗೆ ಬಂದೆ. ಗುತ್ತಿಗೆ ಹಿಡಿದ ಮೀನುಗಾರರ ಜೊತೆ ಕೂತು ಮಾತಾಡಿದೆ. ರಾಡಿಗೆ ದಿನಕ್ಕೆ 200 ರೂಪಾಯಿ, ಮೀನು ನಿಮ್ಮದೇ, ನಾಳೆ ನೀವೇ ಬಲೆ ಹಾಕಿ ಮಾರಿ ಅಂದೆ. ನಂಬಲಿಲ್ಲ. ಅವರಲ್ಲೊಬ್ಬ ಅಣ್ಣ ಹಗಲೆಲ್ಲ ದಂಡೆ ಮೇಲೆ ಕೂತು ಬಿಟ್ಟ ಮೀನು ಎಣಿಸಿದ.

ಗಿರಾಕಿ ಬರುವ ಮೂರು ದಿನ ಮುಂಚೆಯಿಂದ, ಸಂಜೆ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಮೇವು ಹಾಕುತ್ತೇನೆ. ಶೇಂಗಾ ಹಿಂಡಿ ಎರಡು ಪಾಲು, ತೌಡು ಒಂದು, ಹುಳಿ ಬಂದ ಜೋಳದ ಹಿಟ್ಟು ಒಂದು. ಇನ್ನೊಂದು ಸಾಮಾನು ಸೇರಿಸುತ್ತೇನೆ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಹೆಸರು ಮಾತ್ರ ಹೇಳಲ್ಲ. ನಾಲ್ಕನೇ ದಿನ ಹೊಸಬರಿಗೂ ಗಂಟೆಯೊಳಗೆ ಮೀನು ಕಚ್ಚುತ್ತದೆ. ಸುತ್ತಮುತ್ತ ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಮೊದಲ ಏಪ್ರಿಲ್‌ನಲ್ಲಿ ಬಿಟ್ಟ ಮೂರು ಮೀನು ಮರುದಿನ ಹೊಟ್ಟೆ ಮೇಲಾಗಿ ತೇಲಿದವು. ಮೀನುಗಾರರಿಗೆ 600 ರೂಪಾಯಿ ಕಟ್ಟಿಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ, ಮೀನಿನ ಬಾಯಿಂದ ಸಲೀಸಾಗಿ ಬಿಡಿಸಲಿ ಅಂತ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ಒಣಗೈಗೆ ಅದರ ಲೋಳೆ ಕಿತ್ತು ಬರುತ್ತದೆ. ಫೋಟೋಗೆ ಹತ್ತು ಎಣಿಸುವಷ್ಟೇ ಹೊತ್ತು. ಆಮೇಲೆ ಹೊಟ್ಟೆ ಕೆಳಗೆ ಅಂಗೈ ಕೊಟ್ಟು ನೀರೊಳಗೆ ಹಿಡಿಯಬೇಕು. ಕಿವಿರು ನಿಧಾನಕ್ಕೆ ಆಡುತ್ತದೆ. ಬಾಲ ತಾನಾಗಿ ಬೀಸಿ ಕೈಯಿಂದ ಜಾರುವವರೆಗೆ ಬಿಡಬಾರದು. ಬೇಸಿಗೆಯಲ್ಲಿ ಬೆಳಿಗ್ಗೆ 9ಕ್ಕೆ ಬಂದ್, ಮೊಟ್ಟೆ ಇಡುವ ಮಳೆಗಾಲದಲ್ಲಿ ಪೂರ್ತಿ ಬಂದ್.

ಹಂಪಿ ನೋಡಲು ಬಂದವರು ಆನೆಗೊಂದಿ ಹೊಳೆಯಲ್ಲೇ ಗಾಳ ಹಾಕೋಣ ಅಂತಾರೆ. ಮುದ್ಲಾಪುರದಿಂದ ಕಂಪ್ಲಿವರೆಗೆ ಹೊಳೆಯ 34 ಕಿಲೋಮೀಟರ್ ನೀರುನಾಯಿಗಳಿಗೆ 2015ರಿಂದ ಮೀಸಲು. ಎಷ್ಟು ದುಡ್ಡು ಕೊಟ್ಟರೂ ಅಲ್ಲಿಗೆ ರಾಡ್ ಒಯ್ಯಲ್ಲ.

ನಡುವೆ ಮಂಡಕ್ಕಿಯನ್ನೂ ಮೇವಾಗಿ ಹಾಕಿ ನೋಡಿದೆ. ಕಾಟ್ಲಾ ಮೇಲೆ ಬಂದು ತಿನ್ನುವ ಮೀನು, ಮಂಡಕ್ಕಿ ತೇಲುತ್ತದೆ, ಸರಿಹೋಗಬೇಕು ಅಲ್ವಾ? ಮೊದಲ ದಿನ ಎಲ್ಲ ಜಿಲೇಬಿಗಳೇ ಖಾಲಿ ಮಾಡಿದವು. ಗಾಳಿ ಮರೆಯ ಮೂಲೆಗೆ ಹೋಗಿ ಎರಡು ಹಿಡಿ ಜಾಸ್ತಿ ಎರಚಿದಾಗ ಏಳು ಕಿಲೋ ಹತ್ತಿರದ ಒಂದು ಕಾಟ್ಲಾ ಬಂತು. ಒಂದೇ ಒಂದು. ಈ ಸಲ ಮಂಡಕ್ಕಿಗೆ ಬೆಲ್ಲದ ಪಾಕ ಹಚ್ಚಿ ಒಣಗಿಸಿ ಇಟ್ಟಿದ್ದೇನೆ.