ಶಿರಸಿ ಮಳೆಗಾಲದಲ್ಲಿ ಎಸ್ಪ್ರೆಸ್ಸೊ

ಎಸ್ಪ್ರೆಸ್ಸೊ ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿ. ಅದರ ಮೆಷಿನ್ ಕೊಳ್ಳುವಾಗ ಡಬ್ಬದ ಮೇಲಿನ ‘15 ಬಾರ್’ (ಬಾರ್ ಅಂದರೆ ಒತ್ತಡದ ಅಳತೆ) ನೋಡಿ ಮರುಳಾಗಬೇಡಿ. ಎಸ್ಪ್ರೆಸ್ಸೊಗೆ ಸುಮಾರು 9 ಬಾರ್ ಒತ್ತಡ ಸಾಕು. ಉಳಿದ ದುಡ್ಡನ್ನು ಕಾಫಿಬೀಜ ಬೀಸುವ ಒಳ್ಳೆಯ ಗ್ರೈಂಡರ್‌ಗೆ ಹಾಕಿ. ನಾನು ಬರೀ ಮೆಷಿನ್ ತಂದು, ಮನೆಯಲ್ಲಿದ್ದ ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನೇ ತುಂಬಿದ್ದೆ. ಅದು ನೀರು ಕುಡಿದು ಅಂಟಾಯಿತು. ಮೂರು ಹನಿ ಬಿದ್ದು ನಿಂತೇಹೋಯಿತು!

ಅಳತೆ ಹೀಗೆ: 18 ಗ್ರಾಂ ಪುಡಿಗೆ ಕಪ್ಪಿಗೆ ಇಳಿಯಬೇಕಾದ್ದು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ. ಬೇಗ ಸುರಿದು ಹುಳಿಯಾದರೆ ಇನ್ನೂ ಸಣ್ಣಗೆ ಬೀಸಿ. ತಡವಾಗಿ ಕಹಿಯಾದರೆ ತರಿತರಿ ಮಾಡಿ.

ಜುಲೈ ಬಂದರೆ ನಮ್ಮಲ್ಲಿ ಹಪ್ಪಳವೂ ಮೆತ್ತಗೆ, ಅಲ್ವಾ? ಕಾಫಿಬೀಜವೂ ಹಾಗೇ. ಮೇ ತಿಂಗಳಲ್ಲಿ ಗ್ರೈಂಡರ್‌ಗೆ ಇಟ್ಟ ಅಳತೆ ಈಗ ನಡೆಯುವುದಿಲ್ಲ. ನಿನ್ನೆ ಬೆಳಿಗ್ಗೆ 41 ಸೆಕೆಂಡ್ ಹಿಡಿಯಿತು. ಗ್ರೈಂಡರ್ ತರಿಯ ಕಡೆಗೆ ಒಂದು ಗೀಟು ತಿರುಗಿಸಿದೆ, 29ಕ್ಕೆ ಬಂತು. ಬೀಜ ಗಾಳಿಯಾಡದ ಡಬ್ಬಿಯಲ್ಲಿರಲಿ, ಆಗಿನದನ್ನು ಆಗಲೇ ಬೀಸಿ.

ಹಾಲು ಕಾಯಿಸಿದ ಕೂಡಲೇ ಹಬೆ ಕೊಳವೆ ಒರೆಸಿ. ಒಣಗಿದರೆ ಕೆರೆಯುವುದೇ ಕೆಲಸ.

ಮತ್ತೆ, ನನ್ನ ಮೆಷಿನ್ 1200 ವಾಟ್‌ನದು. ಮನೆಯ ಸಣ್ಣ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಕರೆಂಟು ಹೋದ ದಿನ ಸುಮ್ನೆ ಅತ್ತೆಯ ಕಷಾಯ ಕುಡಿಯುತ್ತೇನೆ.